ಕಾರು ಮಾರಾಟದ ಅಂಕಿ: ವರ್ತಕರು ನೋಡಬೇಕಾದ ಸಾಲು ಯಾವುದು?

ಕಾರು ಮಾರಾಟದ ಅಂಕಿಗಳು ಪ್ರತಿ ತಿಂಗಳೂ ಎರಡು ಮೂಲಗಳಿಂದ ಪ್ರಕಟವಾಗುತ್ತವೆ. ತಯಾರಕರ ಸಂಘವಾದ ಸಿಯಾಮ್ ಕೊಡುವುದು ಕಾರ್ಖಾನೆಯಿಂದ ಡೀಲರುಗಳಿಗೆ ರವಾನೆಯಾದ ವಾಹನಗಳ ಲೆಕ್ಕ. ಡೀಲರುಗಳ ಒಕ್ಕೂಟವಾದ ಫಾಡಾ ಕೊಡುವುದು ಸಾರಿಗೆ ಇಲಾಖೆಯ 'ವಾಹನ್' ವ್ಯವಸ್ಥೆಯಲ್ಲಿ ಗ್ರಾಹಕರ ಹೆಸರಿಗೆ ನೋಂದಣಿಯಾದ ವಾಹನಗಳ ಲೆಕ್ಕ. ಪತ್ರಿಕೆಗಳ ತಲೆಬರಹದಲ್ಲಿ ಎರಡಕ್ಕೂ 'ಮಾರಾಟ' ಎಂಬ ಒಂದೇ ಹೆಸರು. ಗೊಂದಲ ಹುಟ್ಟುವುದೇ ಅಲ್ಲಿ.

ಈ ಎರಡರ ಅಂತರ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು 2024ರ ಸೆಪ್ಟೆಂಬರ್ ತೋರಿಸಿತು. ಆ ತಿಂಗಳು ಡೀಲರುಗಳ ಬಳಿ 80ರಿಂದ 85 ದಿನಗಳ ಮಾರಾಟಕ್ಕಾಗುವಷ್ಟು ಕಾರುಗಳು, ಅಂದರೆ ಸುಮಾರು 79,000 ಕೋಟಿ ರೂಪಾಯಿಗಳ ದಾಸ್ತಾನು, ಉಳಿದಿದೆಯೆಂದು ಫಾಡಾ ಪ್ರಕಟಿಸಿತು. ಒಕ್ಕೂಟದ ಪ್ರಕಾರ ಇರಬೇಕಾದುದು 21 ದಿನಗಳ ದಾಸ್ತಾನು. ತಯಾರಕರ ಪುಸ್ತಕದಲ್ಲಿ ಅವೆಲ್ಲವೂ ಮಾರಾಟವಾದ ಕಾರುಗಳೇ. ಡೀಲರನ ಪುಸ್ತಕದಲ್ಲಿ ಬ್ಯಾಂಕಿನ ಬಡ್ಡಿ ತಿನ್ನುವ ದಾಸ್ತಾನು. ಸಗಟು ಅಂಕಿಯನ್ನು ನಂಬಿ ಬೇಡಿಕೆ ಏರಿದೆಯೆಂದು ಕಚ್ಚಾಮಾಲಿಗೆ ಮುಂಗಡ ಕೊಡುವ ಬಿಡಿಭಾಗ ತಯಾರಕನ ಪಾಡನ್ನು ಊಹಿಸುವುದು ಕಷ್ಟವಲ್ಲ. ದಾಸ್ತಾನು ತುಂಬಿದ ಮೇಲೆ ರವಾನೆ ತಗ್ಗಲೇಬೇಕು. ಆ ಹೊಡೆತ ಮೊದಲು ಬೀಳುವುದು ಅವನ ಆರ್ಡರಿನ ಮೇಲೆ.

ಹಾಗೆಂದು ಚಿಲ್ಲರೆ ಅಂಕಿಯನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ನಮ್ಮಲ್ಲಿ ವಾಹನ ಖರೀದಿ ಪಂಚಾಂಗವನ್ನು ಅನುಸರಿಸುತ್ತದೆ. ಪಿತೃಪಕ್ಷದಲ್ಲಿ ಶೋರೂಮು ಬಣಗುಟ್ಟಿದರೆ ಆಯುಧಪೂಜೆಯ ವೇಳೆಗೆ ತುಂಬುತ್ತದೆ. 2023ರಲ್ಲಿ ದಸರಾ ಅಕ್ಟೋಬರಿನಲ್ಲೂ ದೀಪಾವಳಿ ನವೆಂಬರಿನಲ್ಲೂ ಬಂದವು; 2024ರಲ್ಲಿ ಎರಡೂ ಹೆಚ್ಚುಕಡಿಮೆ ಅಕ್ಟೋಬರಿನೊಳಗೇ ಸೇರಿದವು. ಈ ಎರಡು ಅಕ್ಟೋಬರುಗಳನ್ನು ಹೋಲಿಸಿ 'ಏರಿಕೆ' ಎಂದು ಸಂಭ್ರಮಿಸುವುದು ಲೆಕ್ಕಶಾಸ್ತ್ರವಲ್ಲ. ಎರಡು ತಿಂಗಳುಗಳನ್ನು ಕೂಡಿಸಿ ಹಿಂದಿನ ವರ್ಷದ ಅದೇ ಎರಡು ತಿಂಗಳುಗಳೊಡನೆ ಹೋಲಿಸುವುದೇ ಸರಿಯಾದ ಕ್ರಮ.

ತೆರಿಗೆಯೂ ಅಂಕಿಗಳನ್ನು ಅಲುಗಾಡಿಸುತ್ತದೆ. 2025ರ ಆಗಸ್ಟ್ 15ರಂದು ಜಿಎಸ್‌ಟಿ ಸುಧಾರಣೆಯ ಘೋಷಣೆಯಾದೊಡನೆ ಗ್ರಾಹಕರು ಕಾದು ಕುಳಿತರು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದು ಪರಿಹಾರ ಸೆಸ್ ರದ್ದಾದಾಗ ತಡೆದಿದ್ದ ಬೇಡಿಕೆ ಒಮ್ಮೆಲೇ ಹರಿಯಿತು. ಆ ತಿಂಗಳ ಮೊದಲ ಮೂರು ವಾರಗಳ ಮಂದಗತಿ ಬಡತನದ ಲಕ್ಷಣವಲ್ಲ, ಬಳಿಕದ ಭರಾಟೆಯೂ ಪೂರ್ತಿಯಾಗಿ ಹೊಸ ಸಂಪತ್ತಿನ ಲಕ್ಷಣವಲ್ಲ. (ಹಳೆಯ ದಾಸ್ತಾನಿನ ಮೇಲೆ ತೆತ್ತಿದ್ದ ಸೆಸ್ಸಿನ ಕ್ರೆಡಿಟ್ಟನ್ನು ಜಿಎಸ್‌ಟಿಗೆ ಹೊಂದಿಸಿಕೊಳ್ಳಲು ಅವಕಾಶವಿಲ್ಲದೆ ಡೀಲರುಗಳು ಪಟ್ಟ ಪಾಡು ಪ್ರತ್ಯೇಕ ಲೇಖನಕ್ಕೇ ವಸ್ತುವಾದೀತು.)

ಇನ್ನು ಮಾಕಳಿದುರ್ಗದಂತಹ ಊರಿನ ವರ್ತಕನಿಗೆ ಈ ರಾಷ್ಟ್ರೀಯ ಅಂಕಿಗಳಿಂದ ಏನು ಪ್ರಯೋಜನ? ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕಾರಿನ ಸಂಖ್ಯೆ ವಿಶೇಷವಾಗಿ ದಾರಿ ತಪ್ಪಿಸಬಲ್ಲದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಜಮೀನಿಗೆ ಬೆಲೆ ಬಂದಿತು. ಜಮೀನು ಮಾರಿದ ಹಣದಲ್ಲಿ ಕೊಂಡ ಕಾರುಗಳೂ ರಸ್ತೆಗಿಳಿದವು. ಅಂತಹ ಕಾರು ಆದಾಯದ ಕುರುಹಲ್ಲ, ಆಸ್ತಿಯ ರೂಪಾಂತರ. ಅದನ್ನು ಕಂಡು ಅಂಗಡಿಯ ಸರಕನ್ನು ಇಮ್ಮಡಿಸುವವನು ಒಂದು ಸಲದ ಹಣವನ್ನು ಪ್ರತಿ ತಿಂಗಳ ವ್ಯಾಪಾರವೆಂದು ಭ್ರಮಿಸಿದಂತೆ.

ದ್ವಿಚಕ್ರ ವಾಹನದ ಸಂಗತಿ ಬೇರೆ. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರ, ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ನೌಕರ, ಡೇರಿಗೆ ಹಾಲು ಹಾಕುವ ರೈತ ಬೈಕು ಕೊಳ್ಳುವುದು ಸಾಮಾನ್ಯವಾಗಿ ಕಂತಿನಲ್ಲಿ. ತಿಂಗಳ ವರಮಾನದ ಮೇಲೆ ಭರವಸೆಯಿಲ್ಲದವನು ಕಂತಿಗೆ ಒಪ್ಪುವುದಿಲ್ಲ. ಟ್ರ್ಯಾಕ್ಟರಿನ ಅಂಕಿ ಮಳೆ ಬೆಳೆಗಳ ಕಥೆ ಹೇಳಿದರೆ, ಸರಕು ಸಾಗಣೆಯ ಸಣ್ಣ ವಾಹನಗಳ ಅಂಕಿ ವರ್ತಕ ಬಂಧುಗಳದೇ ಕಥೆಯನ್ನು ಹೇಳುತ್ತದೆ. ಕಿರಾಣಿ, ಜವಳಿ, ಹಾರ್ಡ್‌ವೇರ್ ವರ್ತಕರು ಗಮನಿಸಬೇಕಾದ ಸಾಲುಗಳು ಇವು.

ಇದಕ್ಕೆ ಖರ್ಚೇನೂ ಇಲ್ಲ. 'ವಾಹನ್' ಜಾಲತಾಣದ ಅಂಕಿಅಂಶ ಪುಟದಲ್ಲಿ ಆಯಾ ಸಾರಿಗೆ ಕಚೇರಿಯ ನೋಂದಣಿಗಳು ವಾಹನದ ವರ್ಗವಾರು, ತಿಂಗಳುವಾರು ದೊರೆಯುತ್ತವೆ. ತ್ರೈಮಾಸಿಕ ಜಿಡಿಪಿ ಅಂಕಿ ಸುಮಾರು ಎರಡು ತಿಂಗಳು ತಡವಾಗಿ ಬರುವಾಗ ಇದು ಆಯಾ ತಿಂಗಳೇ ಕೈಗೆಟುಕುತ್ತದೆ. ದೇವನಹಳ್ಳಿಯ ಕೆಎ-43 ಮತ್ತು ನೆಲಮಂಗಲದ ಕೆಎ-52 ಕಚೇರಿಗಳ ಎರಡು ವರ್ಷಗಳ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ತಮ್ಮದೇ ಜಿಎಸ್‌ಟಿ ರಿಟರ್ನಿನ ತಿಂಗಳವಾರು ವಹಿವಾಟನ್ನು ಇಟ್ಟುಕೊಂಡರೆ, ಯಾವ ವರ್ಗದ ವಾಹನದೊಡನೆ ತಮ್ಮ ವ್ಯಾಪಾರ ಏರಿಳಿಯುತ್ತದೆಂಬುದನ್ನು ಪ್ರತಿಯೊಬ್ಬ ವರ್ತಕರೂ ಒಂದು ಸಂಜೆಯಲ್ಲಿ ಕಂಡುಕೊಳ್ಳಬಹುದು.