ಟ್ರ್ಯಾಕ್ಟರ್ ಜಗ್ಗಾಟಕ್ಕೊಂದು ಕಟ್ಟಳೆ ಬೇಕು

ಮಹಾರಾಷ್ಟ್ರದಲ್ಲಿ ಎತ್ತಿನ ಗಾಡಿ ಓಟ ನಡೆಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ಪಶುವೈದ್ಯರ ತಪಾಸಣೆಯಾಗಬೇಕು. 2014ರಲ್ಲಿ ಈ ಓಟಕ್ಕೆ ತಡೆ ಹಾಕಿದ್ದ ಸುಪ್ರೀಂ ಕೋರ್ಟು 2023ರ ಮೇ 18ರಂದು ಕಂಬಳ, ಜಲ್ಲಿಕಟ್ಟುಗಳ ಜೊತೆ ಇದಕ್ಕೂ ಒಪ್ಪಿಗೆ ಕೊಟ್ಟಿತು. ಎತ್ತಿನ ಮೈಗೆ ನೋವಾಗದಂತೆ ಇಷ್ಟೆಲ್ಲ ಕಾಳಜಿ ಮಾಡುವ ನಾವು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದೊಡನೆ ಅದರ ಮೇಲೆ ಕೂತ ಮನುಷ್ಯನನ್ನು ಮರೆತುಬಿಡುತ್ತೇವೆ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ಈಗ ಹೊಸದೇನಲ್ಲ. ಗೆಲ್ಲುವ ಗುಟ್ಟು ಎಂಜಿನ್ನಿನಷ್ಟೇ ಲಿಫ್ಟಿನಲ್ಲೂ ಇದೆ. ಭಾರದ ಒಂದಿಷ್ಟು ಪಾಲನ್ನು ಲಿಫ್ಟ್ ಎತ್ತಿ ಹಿಡಿದರೆ ಆ ತೂಕ ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ, ಗಾಲಿ ಜಾರದೆ ನೆಲ ಕಚ್ಚುತ್ತದೆ. ಅದಕ್ಕಾಗಿ ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ವಾಶರ್ ತುರುಕಿ ಎಣ್ಣೆಯ ಒತ್ತಡ ಏರಿಸುವುದು, ಕೊಂಡಿಯನ್ನು ಮೇಲಕ್ಕೆ ಕಟ್ಟುವುದು ಸುಲಭದ ದಾರಿ. ಸುಲಭ ಹೌದು, ಕ್ಷೇಮವಲ್ಲ.

ಒತ್ತಡ ಮಿತಿಮೀರಿದಾಗ ಎಣ್ಣೆಗೆ ದಾರಿ ಬಿಟ್ಟು ಪಂಪು, ಪೈಪುಗಳನ್ನು ಉಳಿಸುವುದೇ ಆ ವಾಲ್ವಿನ ಕೆಲಸ. ಅದನ್ನು ಬಿಗಿದರೆ ಪೈಪು ಸಿಡಿಯಬಹುದು; ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯೂ ಚರ್ಮ ಸೀಳಿ ಒಳಹೊಕ್ಕುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಲಿಫ್ಟಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ. ಪಂಪು ಸವೆದರೆ ಲೋಹದ ಚೂರು ಗೇರಿಗೂ ಸೇರುತ್ತದೆ.

ಕೊಂಡಿ ಎತ್ತರಿಸುವುದು ಇನ್ನೂ ದೊಡ್ಡ ಅಪಾಯ. ಎಳೆತ ಹಿಂದಿನ ಅಚ್ಚಿಗಿಂತ ಮೇಲಿದ್ದರೆ ಆ ಎಳೆತವೇ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ತುಳಿಯುವಷ್ಟೂ ವೇಳೆ ಸಿಗುವುದಿಲ್ಲ. ಹಳೆಯ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ನೇಗಿಲು ಕಲ್ಲಿಗೆ ಸಿಕ್ಕಾಗ ಹೀಗೆ ಮಗುಚಿ ಚಾಲಕರನ್ನು ಕೊಲ್ಲುತ್ತಿದ್ದವು. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಕೊಂಡಿಗಳ ಜೋಡಣೆ ಈ ಅಪಾಯವನ್ನು ತಗ್ಗಿಸಿತು. ಜೀವ ಉಳಿಸಿದ ಆ ಜೋಡಣೆಯನ್ನೇ ಇಂದು ಬಹುಮಾನಕ್ಕಾಗಿ ಕೆಡಿಸುತ್ತಿದ್ದೇವೆ.

ಹಾಗೆಂದು ಆಟವನ್ನೇ ನಿಲ್ಲಿಸಬೇಕೇ? 2023ರ ಅಕ್ಟೋಬರಿನಲ್ಲಿ ಗುರುದಾಸಪುರ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಸಾಹಸ ಮಾಡುತ್ತಿದ್ದ ಯುವಕ ಸತ್ತ ಮೇಲೆ ಪಂಜಾಬ್ ಸರ್ಕಾರ ಅಂಥ ಸಾಹಸಗಳನ್ನು ನಿಷೇಧಿಸಿತು. ಆದರೆ ನಿಷೇಧಿಸಿದ ಆಟ ಊರ ಹೊರಗಿನ ಹೊಲಕ್ಕೆ ಹೋದೀತು, ಅಲ್ಲಿ ಆಂಬ್ಯುಲೆನ್ಸೂ ಇರುವುದಿಲ್ಲ. ಅಮೆರಿಕದ ಜಗ್ಗಾಟಗಳಲ್ಲಿ ಕೊಂಡಿಯ ಎತ್ತರಕ್ಕೆ ಮಿತಿಯಿದೆ, ಮಗುಚದಂತೆ ಹಿಂದೆ ಆಸರೆ ಕಂಬಿಗಳಿವೆ, ತಟ್ಟನೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿದೆ. ಇವು ನಮ್ಮ ವೆಲ್ಡಿಂಗ್ ಶಾಪಿನವರಿಗೂ ಆಗದ ಕೆಲಸವಲ್ಲ.

ನಾಸಿಕ್‌ನ ದ್ರಾಕ್ಷಿಗೆ ಔಷಧಿ ಹೊಡೆಯುವ, ಛತ್ರಪತಿ ಸಂಭಾಜಿನಗರದ ಹತ್ತಿ ಹೊಲ ಉಳುವ, ಬಾಗಲಕೋಟೆಯ ಕಬ್ಬು ಎಳೆಯುವ ಟ್ರ್ಯಾಕ್ಟರ್ ಆಟಿಕೆಯಲ್ಲ. ಬಹುಪಾಲು ಸಾಲದಲ್ಲಿ ಕೊಂಡದ್ದು. ಜಾತ್ರಾ ಕಮಿಟಿಯವರು ಬಹುಮಾನ ಸಾರುವ ಮೊದಲು ಮೂರು ಷರತ್ತು ಹಾಕಲಿ: ಕೊಂಡಿ ಅಚ್ಚಿಗಿಂತ ಕೆಳಗಿರಲಿ, ವಾಲ್ವಿಗೆ ಯಾರೂ ಕೈಹಾಕದಿರಲಿ, ಜನ ಹಗ್ಗದಾಚೆ ನಿಲ್ಲಲಿ. ಒಪ್ಪದವರ ಟ್ರ್ಯಾಕ್ಟರ್ ಕಣಕ್ಕೆ ಇಳಿಯಬಾರದು.