ಪ್ಯಾಕೇಜಿನಲ್ಲಿ ಬಂದ ಭಯ

'ಹಿರಿಯರಿಗೆ ಆರೋಗ್ಯದ ಉಡುಗೊರೆ ಕೊಡಿ' ಎಂಬ ಬ್ಯಾನರು ನೋಡಿ, ಇಂದಿರಾನಗರದ ಒಂದು ಲ್ಯಾಬಿನಲ್ಲಿ ದೊಡ್ಡಪ್ಪನಿಗೆ ಫುಲ್ ಬಾಡಿ ಚೆಕಪ್ ಮಾಡಿಸಿದವನು ನಾನೇ. ಎಚ್‌ಎಎಲ್‌ನಿಂದ ನಿವೃತ್ತರಾದ ಅವರಿಗೆ 72 ವರ್ಷ. ನನಗೆ ಫೆಲೋಶಿಪ್ ಹಣ ಬಂದ ಖುಷಿ. ಉದ್ದನೆಯ ಪಟ್ಟಿಯಲ್ಲಿ ಪಿಎಸ್‌ಎ ಎಂಬುದೂ ಇತ್ತು. ಏನೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಮರುದಿನ ಮೊಬೈಲಿಗೆ ಬಂದ ವರದಿಯಲ್ಲಿ ಆ ಒಂದು ಅಂಕಿ ಕೆಂಪಾಗಿತ್ತು. ಮರುಪರೀಕ್ಷೆ, ಎಂಆರ್‌ಐ ಮುಗಿದು, 'ವಯಸ್ಸಿಗೆ ಹಿಗ್ಗಿದ ಗ್ರಂಥಿ, ಅಷ್ಟೆ' ಎಂದು ವೈದ್ಯರು ಹೇಳುವಷ್ಟರಲ್ಲಿ ದೊಡ್ಡಪ್ಪ ಉಯಿಲು ಬರೆಸಿಯಾಗಿತ್ತು.

ಪಿಎಸ್‌ಎ ಕ್ಯಾನ್ಸರಿನ ಗುರುತಲ್ಲ, ಪ್ರಾಸ್ಟೇಟ್ ಗ್ರಂಥಿಯ ಗುರುತು. ಗ್ರಂಥಿ ಹಿಗ್ಗಿದರೂ, ಸೋಂಕಾದರೂ ಏರುತ್ತದೆ. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ಈ ತಪಾಸಣೆಯೇ ಬೇಡ ಎಂದಿತು. 2018ರಲ್ಲಿ ತಿದ್ದಿಕೊಂಡು, 55ರಿಂದ 69ರವರು ವೈದ್ಯರೊಂದಿಗೆ ಚರ್ಚಿಸಿ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. 72ರ ದೊಡ್ಡಪ್ಪನಿಗೆ ಅದನ್ನು ಮಾರಿದ್ದು ಯಾವ ವೈದ್ಯಶಾಸ್ತ್ರ?

'ಮೊದಲೇ ತಿಳಿದರೆ ಒಳ್ಳೆಯದಲ್ಲವೇ?' ಎನ್ನುತ್ತೀರಿ. ಕೆಲವರಿಗೆ ಹೌದು. ಯುರೋಪಿನ ದೊಡ್ಡ ಅಧ್ಯಯನದ 2009ರ ವರದಿಯಂತೆ ತಪಾಸಣೆಯಿಂದ ಸಾವು ಶೇ. 20ರಷ್ಟು ತಗ್ಗಿತು. ಆದರೆ ಒಂದು ಸಾವು ತಪ್ಪಿಸಲು 1410 ಜನರನ್ನು ಪರೀಕ್ಷಿಸಿ, 48 ಜನರಿಗೆ ಹೆಚ್ಚುವರಿಯಾಗಿ ಚಿಕಿತ್ಸೆ ಕೊಡಬೇಕಾಯಿತು. ಚಿಕಿತ್ಸೆಯಿಂದ ಕೆಲವರಿಗೆ ಮೂತ್ರದ ಹಿಡಿತ ತಪ್ಪುತ್ತದೆ, ಲೈಂಗಿಕ ಶಕ್ತಿ ಕುಂದುತ್ತದೆ. ಈ ಲೆಕ್ಕವನ್ನು ರಕ್ತ ತೆಗೆಯುವ ಮೊದಲೇ ಹೇಳಬೇಕು.

ಲ್ಯಾಬನ್ನಷ್ಟೇ ಬೈದು ಕೈತೊಳೆದುಕೊಳ್ಳಲಾರೆ. ಆ ಆತಂಕದ ದಿನಗಳಲ್ಲೇ ದೊಡ್ಡಪ್ಪ ಮೊದಲ ಸಲ ಬಾಯಿಬಿಟ್ಟರು: ಅಜ್ಜ ಸತ್ತದ್ದು ಇದೇ ಕ್ಯಾನ್ಸರಿನಿಂದ. ಮನೆಯಲ್ಲಿ ಅದನ್ನು 'ಬೆನ್ನುನೋವು' ಎಂದೇ ಕರೆದಿದ್ದರು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದರೆ ಅಪಾಯ ಸುಮಾರು ಎರಡು ಪಟ್ಟು. ಆರಂಭದಲ್ಲಿ ಲಕ್ಷಣವೂ ಕಾಣದ ರೋಗದಲ್ಲಿ ಈ ಮಾಹಿತಿಯೇ ದೊಡ್ಡ ಸುಳಿವು. ಮರ್ಯಾದೆಯ ಹೆಸರಲ್ಲಿ ಅದನ್ನೇ ಹೂತಿಟ್ಟಿದ್ದೆವು. ಲ್ಯಾಬಿನ ಅರ್ಜಿಯಲ್ಲೂ ಆ ಪ್ರಶ್ನೆ ಇರಲಿಲ್ಲ.

ಕಿದ್ವಾಯಿ ಸಂಸ್ಥೆಯ ನೋಂದಣಿ 1982ರಿಂದ ಬೆಂಗಳೂರಿನ ಕ್ಯಾನ್ಸರುಗಳನ್ನು ಲೆಕ್ಕವಿಡುತ್ತಿದೆ. ಇಲ್ಲಿನ ಗಂಡಸರಲ್ಲಿ ಪ್ರಾಸ್ಟೇಟ್ ಮುಂಚೂಣಿಯ ಕ್ಯಾನ್ಸರುಗಳಲ್ಲೊಂದು. ಸರ್ಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕಂಠಕ್ಕೆ ಸೀಮಿತ. ಉಳಿದ ಜಾಗದಲ್ಲಿ ಪ್ಯಾಕೇಜುಗಳು ಅಂಗಡಿ ತೆರೆದಿವೆ. ಪಿಎಸ್‌ಎ ಯಾರಿಗೆ, ಯಾಕೆ, ಅಂಕಿ ಏರಿದರೆ ಮುಂದೇನು ಎಂದು ಕನ್ನಡದಲ್ಲಿ ಮೂರು ಸಾಲು ಅಚ್ಚು ಹಾಕಿ ಸಹಿ ಪಡೆಯದೆ ಯಾವ ಲ್ಯಾಬೂ ಸೂಜಿ ಚುಚ್ಚಬಾರದು.

ಅಪ್ಪನಿಗೀಗ 61. ಅವರ ವಯಸ್ಸಿಗೆ, ಅಜ್ಜನ ಚರಿತ್ರೆಗೆ ಈ ಪರೀಕ್ಷೆ ಯೋಚಿಸಬೇಕಾದ್ದೇ. ಈ ಸಲ ಮೊದಲು ವೈದ್ಯರ ಬಳಿ ಹೋಗಿ ಕೂತು ಮಾತಾಡುತ್ತೇವೆ. ನಿಮ್ಮ ಅಜ್ಜ ಯಾವುದರಿಂದ ತೀರಿಕೊಂಡರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ.