ಸಂಶೋಧನಾಲಯಕ್ಕೂ ಅಂಗಡಿಗೂ ಇರುವ ನಂಟು

ಸಂಶೋಧನೆ ವಿಜ್ಞಾನಿಗಳ ಕೆಲಸ, ವ್ಯಾಪಾರ ನಮ್ಮ ಕೆಲಸ ಎಂದು ಎರಡನ್ನೂ ಬೇರೆಯಾಗಿ ನೋಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅಡಿಕೆ, ತೆಂಗು, ಕಾಳುಮೆಣಸಿನ ವಹಿವಾಟಿನಿಂದ ಬಾಳುವ ಕುಟುಂಬಗಳಿಗೆ ಇದು ಸಲ್ಲದು. ನಮ್ಮ ತಕ್ಕಡಿಗೆ ಬರುವ ಸರಕು ತೋಟದಲ್ಲಿ ಹುಟ್ಟುತ್ತದೆ. ಆ ತೋಟದ ಹಿಂದೆ ಹಲವು ವರ್ಷಗಳ ಸಂಶೋಧನೆಯಿದೆ.

ಕಾಸರಗೋಡನ್ನೇ ನೋಡೋಣ. ಮದ್ರಾಸ್ ಸರಕಾರ 1916ರಲ್ಲಿ ಇಲ್ಲಿ ತೆಂಗಿನ ಸಂಶೋಧನೆಯನ್ನು ಆರಂಭಿಸಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿ.ಪಿ.ಸಿ.ಆರ್.ಐ. ಆಯಿತು. ಗಿಡ್ಡ ತೆಂಗು ಬೇಗ ಫಲ ಕೊಡುತ್ತದೆ. ಎತ್ತರದ ತೆಂಗು ಬಹುಕಾಲ ಬಾಳಿ ಒಳ್ಳೆಯ ಕೊಬ್ಬರಿ ಕೊಡುತ್ತದೆ. ಎರಡರ ಗುಣವನ್ನೂ ಕೂಡಿಸಿದ 'ಚಂದ್ರ ಸಂಕರ' ಈ ಸಂಸ್ಥೆಯ ಕೊಡುಗೆ. ಬೇಗ ಕಾಯಿ ಬಿಡುವ 'ಮಂಗಳ' ಅಡಿಕೆ ತಳಿಯೂ ಇದರದ್ದೇ. ಅದು 1972ರಲ್ಲಿ ರೈತರ ಕೈಸೇರಿತು.

ಆದರೆ ಒಳ್ಳೆಯ ಬೆಳೆ ಬಂದ ಮಾತ್ರಕ್ಕೆ ಮನೆಗೆ ಹಣ ಬರುವುದಿಲ್ಲ. ಕೊಕ್ಕೋ ಬೆಳೆಯ ಕಥೆ ಇದಕ್ಕೆ ಸಾಕ್ಷಿ. ಅಡಿಕೆಯ ನೆರಳಿನಲ್ಲಿ ಕೊಕ್ಕೋವನ್ನು ಎಡೆಬೆಳೆಯಾಗಿ ಬೆಳೆಯಬಹುದೆಂದು ವಿಟ್ಲದ ಕೇಂದ್ರದ ಪ್ರಯೋಗಗಳು ತೋರಿಸಿದವು. 1970ರ ದಶಕದಲ್ಲಿ ರೈತರು ಉತ್ಸಾಹದಿಂದ ಸಸಿ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಫಲ ತುಂಬಿದ ಗಿಡಗಳನ್ನೇ ಕಡಿದವರಿದ್ದಾರೆ. ಸಂಶೋಧನೆ ತಪ್ಪಾಗಿರಲಿಲ್ಲ, ಗಿಡವೂ ಸೋತಿರಲಿಲ್ಲ. ಮಾರುಕಟ್ಟೆಯ ಕೊಂಡಿ ಕಳಚಿತ್ತು.

ಆ ಕೊಂಡಿಯನ್ನು ಬೆಸೆದದ್ದು ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ. ಅದು ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೂ ತೆರೆಯಿತು. ರೈತನಿಗೆ ಬೆಲೆ, ಕಾರ್ಮಿಕನಿಗೆ ಕೆಲಸ, ಅಂಗಡಿಗೆ ಸರಕು, ಎಲ್ಲವೂ ಒಂದೇ ಬೆಳೆಯಿಂದ ದೊರೆತವು. ಸಮಾಜಕ್ಕೆ ಲಾಭವೆಂದರೆ ಇದೇ ಅಲ್ಲವೇ?

ಇಂದು ಅಂಥದೇ ಅವಕಾಶ ನಮ್ಮ ಮುಂದಿದೆ. ತೆಂಗಿನಕಾಯಿಯ ತಿರುಳನ್ನು ತೆಳುವಾಗಿ ಹೆಚ್ಚಿ, ಸಕ್ಕರೆ ಪಾಕದಲ್ಲಿ ನೆನೆಸಿ, ಒಣಗಿಸಿ ಚಿಪ್ಸ್ ಮಾಡುವ ವಿಧಾನವನ್ನು ಸಿ.ಪಿ.ಸಿ.ಆರ್.ಐ. ರೂಪಿಸಿದೆ. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವನ್ನು ಮಂಜುಗಡ್ಡೆಯಿಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ ಹಿಡಿಯುವ ಕ್ರಮವೂ ಅಲ್ಲಿಯದೇ. ಆ ರಸಕ್ಕೆ 'ಕಲ್ಪರಸ' ಎಂದು ಹೆಸರು. ತೆರೆದ ಮಡಕೆಯಲ್ಲಾದರೆ ಇರುವೆ, ಜೇನುನೊಣಗಳು ಬಿದ್ದು ಸಾಯುತ್ತವೆ, ರಸವೂ ಬೇಗ ಹುಳಿಯುತ್ತದೆ. ಪೆಟ್ಟಿಗೆಯಲ್ಲಿ ತಂಪಿನಿಂದಾಗಿ ಹುಳಿಯುವುದು ತಡೆಯುತ್ತದೆ, ಜೀವಿಗಳೂ ಬೀಳವು. ಜೀವದಯೆಯನ್ನು ಪಾಲಿಸುವ ನಮಗೆ ಇದು ಸಣ್ಣ ಮಾತಲ್ಲ. ಈ ರಸದಿಂದ ಬೆಲ್ಲ, ಸಕ್ಕರೆಗಳನ್ನೂ ತಯಾರಿಸಬಹುದು.

ಇಂಥ ತಂತ್ರಜ್ಞಾನವನ್ನು ಸಂಸ್ಥೆಯು ಶುಲ್ಕ ಪಡೆದು ಉದ್ಯಮಿಗಳಿಗೆ ಕೊಡುತ್ತದೆ, ತರಬೇತಿಯನ್ನೂ ನೀಡುತ್ತದೆ. ಆದರೆ ಯಾವ ಊರಿನಲ್ಲಿ ಗಿರಾಕಿ ಇದ್ದಾನೆ, ಎಷ್ಟು ತೂಕದ ಪೊಟ್ಟಣ ಬೇಕು, ಸಾಲ ಎಷ್ಟು ದಿನ ಕೊಡಬಹುದು ಎಂಬುದನ್ನು ಪ್ರಯೋಗಶಾಲೆ ಹೇಳಲಾರದು. ಆ ವಿದ್ಯೆ ತಲೆಮಾರುಗಳಿಂದ ನಮ್ಮ ಗಲ್ಲಾಪೆಟ್ಟಿಗೆಯ ಬಳಿಯಿದೆ.

ಅಂಗಡಿಯಲ್ಲಿ ಮುಂದೇನಿದೆ ಎಂದು ಕೇಳಿ ನಗರದ ನೌಕರಿಗೆ ಹೊರಟಿರುವ ಮಕ್ಕಳು ಇಂದು ಹಲವು ಮನೆಗಳಲ್ಲಿದ್ದಾರೆ. ಅವರಿಗೆ ಬುದ್ಧಿ ಹೇಳುವ ಮೊದಲು ಒಮ್ಮೆ ಇಂಥ ಸಂಸ್ಥೆಗೆ ಕರೆದೊಯ್ಯಿರಿ. ಅಜ್ಜ ಮಾರಿದ ತೆಂಗಿನಕಾಯಿಯಲ್ಲೇ ಹೊಸ ಉದ್ಯೋಗ ಅವರ ಕಣ್ಣಿಗೆ ಬೀಳಬಹುದು.